ಅಪ್ಪ ಅಮ್ಮನನ್ನು ಕೋಂಕ್ ಹಳ್ಳಿಗೆ ಕರೆದುಕೊಂಡು ಹೋಗಬಹುದೇ? ಹೋಗಿ ಬಂದವರು ಹೇಳಿ

ಕೇಳಿದವರು, ಟುಲೂಸ್

ಜೂನ್‌ನಲ್ಲಿ ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಪ್ಯಾರಿಸ್ ನೋಡಿದ ಮೇಲೆ ಫ್ರಾನ್ಸಿನ ಒಂದು ಹಳ್ಳಿಯನ್ನೂ ತೋರಿಸಬೇಕೆಂದು ಆಸೆ. ಅವೆರೋನ್ ಜಿಲ್ಲೆಯ ಕೋಂಕ್ ಹೆಸರನ್ನು ಇಲ್ಲಿನ ಸಹೋದ್ಯೋಗಿಗಳು ಹೇಳಿದರು. ಅಪ್ಪನಿಗೆ ಶಿಲ್ಪವೆಂದರೆ ಪ್ರಾಣ, ಬೇಲೂರಿಗೆ ಹೋದರೆ ಅವರನ್ನು ಹೊರಡಿಸುವುದೇ ಕಷ್ಟ. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಸಸ್ಯಾಹಾರಿಗಳು. ಬೆಳಿಗ್ಗೆ ಹೋಗಿ ಸಂಜೆ ವಾಪಸಾಗಬಹುದೇ?

ಟುಲೂಸ್‌ನಲ್ಲೇ ಬಹಳ ವರ್ಷಗಳಿಂದ ಇರುವವನು

ಹೋಗಬಹುದು, ಆದರೆ ಅದೇ ದಿನ ವಾಪಸಾಗಬೇಡಿ. ಒಂದು ರಾತ್ರಿ ಅಲ್ಲೇ ಉಳಿಯಿರಿ. ನನ್ನ ಸಲಹೆಯ ಮುಕ್ಕಾಲು ಪಾಲು ಇಷ್ಟೇ.

ಮೊದಲು ದಾರಿ. ಮೊಬೈಲ್ ನಕ್ಷೆಯಲ್ಲಿ ಬರೀ ಕೋಂಕ್ ಎಂದು ಹಾಕಿದರೆ ಕಾರ್ಕಸೋನ್ ಪಕ್ಕದ ಕೋಂಕ್-ಸುರ್-ಓರ್ಬಿಯೆಲ್ ಎಂಬ ಬೇರೆಯದೇ ಊರಿಗೆ ಹೋಗಿ ನಿಂತೀರಿ. ನಿಮಗೆ ಬೇಕಾದುದು ಕೋಂಕ್-ಆನ್-ರುವೆರ್ಗ್. 2016ರ ಜನವರಿಯಲ್ಲಿ ಕೋಂಕ್ ಮತ್ತು ಸುತ್ತಲಿನ ಮೂರು ಪುಟ್ಟ ಪಂಚಾಯಿತಿಗಳು ಒಂದಾದ ಮೇಲೆ ಬಂದ ಹೆಸರು ಅದು. ನಾಲ್ಕೂ ಸೇರಿದರೂ ಜನಸಂಖ್ಯೆ ಎರಡು ಸಾವಿರ ಮುಟ್ಟುವುದಿಲ್ಲ. ಹಳೆಯ ಕೋಂಕ್ ಊರಿನಲ್ಲಂತೂ ಮುನ್ನೂರು ಜನವೂ ಇಲ್ಲ.

ಟುಲೂಸ್‌ನಿಂದ ಆಲ್ಬಿ, ಅಲ್ಲಿಂದ ರೊಡೆಸ್‌ವರೆಗೆ ರಸ್ತೆ ಚೆನ್ನಾಗಿದೆ. ಆಮೇಲಿನ ನಲವತ್ತು ಕಿಲೋಮೀಟರಿಗಿಂತ ತುಸು ಕಡಿಮೆ ದೂರಕ್ಕೆ ಅವಸರ ಮಾಡಬೇಡಿ. ಮಾರ್ಸಿಯಾಕ್ ಬಳಿ ಮಣ್ಣು, ಮನೆ, ಗೋಡೆ ಎಲ್ಲವೂ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತವೆ. ಬಳಿಕ ದೂರ್ದೂ ನದಿಯ ಕಣಿವೆ ಕಿರಿದಾಗುತ್ತಾ ಹೋಗಿ, ಊಶ್ ಎಂಬ ಹಳ್ಳ ಬಂದು ಸೇರುವಲ್ಲಿ ಮೇಲೆ ಇಳಿಜಾರಿನಲ್ಲಿ ಊರು ಕಾಣುತ್ತದೆ. ಛಾವಣಿಗೆ ಹೆಂಚಲ್ಲ, ಮೀನಿನ ಹುರುಪೆಯ ಹಾಗೆ ಜೋಡಿಸಿದ ಬೂದು ಬಣ್ಣದ ಪದರಗಲ್ಲು.

ಕಾರನ್ನು ಊರ ಹೊರಗೇ ಬಿಡಬೇಕು, ಒಳಗೆ ಕಲ್ಲುಹಾಸಿನ ಏರಿಳಿತ. ತಾಯಿಯವರ ಮಂಡಿಯ ವಿಷಯ ಇರುವುದರಿಂದ ಕೋಣೆ ಕಾದಿರಿಸುವಾಗಲೇ, ಬಾಗಿಲವರೆಗೆ ಕಾರು ಬರುತ್ತದೆಯೇ, ಕೋಣೆ ಎಷ್ಟನೇ ಮಹಡಿಯಲ್ಲಿದೆ ಎಂದು ಬಾಯಿಬಿಟ್ಟು ಕೇಳಿ. ಹಳೆಯ ಮನೆಗಳ ಮೆಟ್ಟಿಲು ಕಡಿದಾಗಿರುತ್ತವೆ.

ರಾತ್ರಿ ಉಳಿಯಬೇಕು ಎಂದಿದ್ದಕ್ಕೆ ಕಾರಣ: ಸಂಜೆಯಾದರೆ ಪ್ರವಾಸಿ ಬಸ್ಸುಗಳು ಹೊರಟು ಹೋಗುತ್ತವೆ, ಊರು ಊರಿನವರಿಗೂ ಯಾತ್ರಿಕರಿಗೂ ಉಳಿಯುತ್ತದೆ. ಪ್ರವಾಸದ ಋತುವಿನಲ್ಲಿ ರಾತ್ರಿ ಪ್ರಾರ್ಥನೆಯಾದ ಮೇಲೆ ಮಠದ ಸನ್ಯಾಸಿಯೊಬ್ಬರು ಊರಿನ ಹಳೆಯ ಮಠದ ಚರ್ಚಿನ ಬಾಗಿಲ ಮುಂದೆ ನಿಂತು ಮೇಲಿನ ಶಿಲ್ಪವನ್ನು ಒಂದೊಂದಾಗಿ ವಿವರಿಸುತ್ತಾರೆ, ನಗಿಸುತ್ತಾರೆ ಕೂಡ. ಆಮೇಲೆ ಒಳಗೆ ಆರ್ಗನ್ ನುಡಿಸುತ್ತಾರೆ. ಆಗ ಮೇಲಿನ ಮೊಗಸಾಲೆಗೆ ಹತ್ತಿ, ಹಗಲಿನಲ್ಲಿ ಕೆಳಗಿನಿಂದ ಕತ್ತೆತ್ತಿದರೂ ಕಾಣದ ಕಂಬದ ಬೋದಿಗೆಗಳನ್ನು ಹತ್ತಿರದಿಂದ ನೋಡಬಹುದು. ಆ ಮೆಟ್ಟಿಲು ಅಪ್ಪನಿಗೆ ಮಾತ್ರ. ಅಮ್ಮ ಕೆಳಗೆ ಕುಳಿತು ಸಂಗೀತ ಕೇಳಲಿ.

ಪ್ಯಾರಿಸ್‌ನಲ್ಲಿ ಕಲಾ ಇತಿಹಾಸ ಓದುತ್ತಿರುವವಳು

ನಿಮ್ಮ ತಂದೆಯವರಿಗೆ ಒಂದು ದುರ್ಬೀನು ಕೊಟ್ಟು, ಮಧ್ಯಾಹ್ನ ಇಳಿದ ಮೇಲೆ ಪಶ್ಚಿಮದ ಬಾಗಿಲ ಎದುರು ನಿಲ್ಲಿಸಿ. ಆಗ ಬಿಸಿಲು ನೇರವಾಗಿ ಶಿಲ್ಪದ ಮೇಲೆ ಬೀಳುತ್ತದೆ. 12ನೇ ಶತಮಾನದ ಮೊದಲ ಭಾಗದ್ದು, ಸತ್ತವರ ಪಾಪಪುಣ್ಯ ತೂಗಿ ಸ್ವರ್ಗ ನರಕಕ್ಕೆ ಕಳಿಸುವ ಕ್ರೈಸ್ತರ ಅಂತಿಮ ತೀರ್ಪಿನ ದೃಶ್ಯ, ಒಟ್ಟು 124 ಆಕೃತಿಗಳು. ಕೆಂಪು, ನೀಲಿ ಬಣ್ಣದ ಕುರುಹು ಇನ್ನೂ ಉಳಿದಿದೆ.

ಎಡಗಡೆ ಸ್ವರ್ಗ. ಅಲ್ಲಿ ಎಲ್ಲರೂ ಸಾಲಾಗಿ, ಶಿಸ್ತಾಗಿ ಇದ್ದಾರೆ. ನಿಜ ಹೇಳಬೇಕೆಂದರೆ ಶಿಲ್ಪಿಗೆ ಕೆಲಸದ ಖುಷಿ ಸಿಕ್ಕಿರುವುದು ಬಲಗಡೆಯ ನರಕದಲ್ಲಿ. ಜಿಪುಣ ಕೊರಳಲ್ಲಿ ಹಣದ ಚೀಲದ ಸಮೇತ ನೇತಾಡುತ್ತಿದ್ದಾನೆ. ದರ್ಪದ ಸವಾರ ಕುದುರೆಯಿಂದ ತಲೆಕೆಳಗಾಗಿ ಬೀಳುತ್ತಿದ್ದಾನೆ. ಮೊಲ ಹಿಡಿಯುತ್ತಿದ್ದವನನ್ನು ಮೊಲವೇ ಬೆಂಕಿಯ ಮೇಲೆ ಸುಡುತ್ತಿದೆ. ನಡುವೆ ಆತ್ಮಗಳನ್ನು ತೂಗುವ ತಕ್ಕಡಿ, ಒಂದು ಕಡೆ ದೇವದೂತ ಮೈಕೇಲ್, ಇನ್ನೊಂದು ಕಡೆ ಪಿಶಾಚಿ. ಪಿಶಾಚಿ ಬೆರಳಿನಿಂದ ತಟ್ಟೆಯನ್ನು ಕೆಳಗೊತ್ತಿ ತೂಕದಲ್ಲಿ ಮೋಸ ಮಾಡುತ್ತಿರುವುದನ್ನು ದುರ್ಬೀನಿನಲ್ಲಿ ನೋಡಿ. ಎಲ್ಲಕ್ಕಿಂತ ಹೊರಗಿನ ಕಮಾನಿನಲ್ಲಿ ಪಟ್ಟಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಅದರ ಹಿಂದಿನಿಂದ ಇಣುಕುವ ಪುಟ್ಟ ಮುಖಗಳಿವೆ, ಬೆರಳುಗಳೂ ಮೂಗೂ ಕಣ್ಣೂ ಮಾತ್ರ ಕಾಣುತ್ತವೆ. ನನಗೆ ಇಡೀ ಬಾಗಿಲಲ್ಲಿ ಅಚ್ಚುಮೆಚ್ಚು ಅವೇ.

ಈ ಕಟ್ಟಡ ಉಳಿದದ್ದೇ ಪುಣ್ಯ. 1837ರಲ್ಲಿ ಐತಿಹಾಸಿಕ ಸ್ಮಾರಕಗಳ ತನಿಖಾಧಿಕಾರಿಯಾಗಿದ್ದ ಪ್ರೊಸ್ಪೆರ್ ಮೆರಿಮೆ ಇಲ್ಲಿಗೆ ಬಂದು, ಇದರ ಪಾಳುಬಿದ್ದ ಸ್ಥಿತಿಯನ್ನು ಸರ್ಕಾರದ ಗಮನಕ್ಕೆ ತಂದ. ಅಷ್ಟರೊಳಗೆ ಪಕ್ಕದ ಅಂಗಳದ ಸುತ್ತಿನ ಕಂಬಸಾಲು ಬಹುತೇಕ ನೆಲಸಮವಾಗಿತ್ತು. ಮುಂಭಾಗದ ಎರಡು ಗೋಪುರಗಳ ಮೇಲ್ಭಾಗ 19ನೇ ಶತಮಾನದ ಕೆಲಸ. ಅಪ್ಪನಿಗೆ ಮೊದಲೇ ಹೇಳಿಬಿಡಿ, ಶಿಲ್ಪ ಬಲ್ಲವರು ಅದನ್ನು ಕಂಡು ಮುಖ ಸಿಂಡರಿಸುತ್ತಾರೆ.

ರೊಡೆಸ್ ಹತ್ತಿರ ಕೆಲಸದಲ್ಲಿದ್ದವಳು, ಈಗ ಮೈಸೂರು

ಅಮ್ಮನಿಗೆ ಬಾಗಿಲಿಗಿಂತ ಚರ್ಚಿನ ಚಿನ್ನ ಬೆಳ್ಳಿಯ ಭಂಡಾರ ಹಿಡಿಸುತ್ತದೆ, ಬರೆದಿಟ್ಟುಕೊಳ್ಳಿ. ಚರ್ಚಿನ ಪಕ್ಕದಲ್ಲೇ ಇದೆ, ಟಿಕೆಟ್ ಪ್ರತ್ಯೇಕ.

ಅಲ್ಲಿ ಸೇಂತ್ ಫುವಾ ಎಂಬ ಬಾಲೆಯ ಚಿನ್ನದ ಪ್ರತಿಮೆ ಇದೆ. ರೋಮನ್ ಕಾಲದಲ್ಲಿ ಅಜೆನ್ ಪಟ್ಟಣದಲ್ಲಿ ಹನ್ನೆರಡು ವರ್ಷದ ಹುಡುಗಿ ಧರ್ಮಕ್ಕಾಗಿ ಪ್ರಾಣ ಕೊಟ್ಟಳು ಎಂಬುದು ಐತಿಹ್ಯ. ಅವಳ ಅಸ್ಥಿ ಕೋಂಕ್‌ಗೆ ಬಂದದ್ದು 866ರ ಸುಮಾರಿಗೆ, ಕಳವಿನಿಂದ! ಇಲ್ಲಿನ ಸನ್ಯಾಸಿಯೊಬ್ಬ ಅಜೆನ್‌ಗೆ ಹೋಗಿ, ವರ್ಷಗಟ್ಟಲೆ ಅಲ್ಲೇ ಇದ್ದು, ನಂಬಿಕೆ ಗಳಿಸಿ, ಸಮಾಧಿಯ ಕಾವಲನ್ನೇ ಪಡೆದು, ಒಂದು ದಿನ ಹೊತ್ತುಕೊಂಡು ಬಂದ ಎಂದು ಮಠದ ಕಥೆಯೇ ಹೇಳುತ್ತದೆ. ಮುಚ್ಚುಮರೆಯಿಲ್ಲ, ನಾಚಿಕೆಯೂ ಇಲ್ಲ. ಆ ಅಸ್ಥಿಯಿಂದಲೇ ಯಾತ್ರಿಕರು, ಯಾತ್ರಿಕರಿಂದಲೇ ಹಣ, ಹಣದಿಂದಲೇ 11ನೇ ಶತಮಾನದ ಈ ದೊಡ್ಡ ಚರ್ಚು. ಇಲ್ಲದಿದ್ದರೆ ಇಂಥ ಕೊಂಪೆಯಲ್ಲಿ ಯಾರು ಕಟ್ಟುತ್ತಿದ್ದರು?

ಪ್ರತಿಮೆ ಸುಮಾರು 85 ಸೆಂಟಿಮೀಟರ್ ಎತ್ತರ, ಸಿಂಹಾಸನದ ಮೇಲೆ ಕುಳಿತ ಭಂಗಿ. ಒಳಗೆ ಮರ, ಹೊರಗೆ ಚಿನ್ನದ ತಗಡು. ಹತ್ತಿರ ಹೋಗಿ ಮುಖ ನೋಡಿ: ಹುಡುಗಿಯದಲ್ಲ. ಅದು ಇನ್ನೂ ಹಳೆಯ, ರೋಮನ್ ಕಾಲದ ಕೊನೆಯ ತಲೆ, ಬೇರೆ ಯಾರದೋ. ಅದನ್ನೇ ಇಲ್ಲಿ ಕೂರಿಸಿ ಕಿರೀಟ ತೊಡಿಸಿದ್ದಾರೆ. ಕಣ್ಣುಗಳು ನಿಮ್ಮ ತಲೆಯ ಮೇಲಿನಿಂದ ಎಲ್ಲೋ ದೂರ ನೋಡುತ್ತವೆ. ಮೈತುಂಬ ಹರಳುಗಳು, ಶತಮಾನಗಳ ಕಾಲ ಭಕ್ತರು ಒಪ್ಪಿಸಿದ ಹರಕೆಗಳು, ಕೆಲವದರಲ್ಲಿ ರೋಮನ್ನರ ಕಾಲದ ಕೆತ್ತನೆಯೂ ಇದೆ. 11ನೇ ಶತಮಾನದ ಆರಂಭದಲ್ಲಿ ಆಂಜೆ ಪಟ್ಟಣದ ಬೆರ್ನಾರ್ ಎಂಬ ಪಂಡಿತ ಬಂದು, ಇದೇನು ವಿಗ್ರಹಾರಾಧನೆ ಎಂದು ಮೊದಲು ಹಾಸ್ಯ ಮಾಡಿದ. ಆಮೇಲೆ ಮನಸ್ಸು ತಿರುಗಿ ಅವಳ ಪವಾಡಗಳನ್ನು ತಾನೇ ಬರೆದಿಟ್ಟ. ಈ ಪ್ರಸಂಗ ಹೇಳಿದರೆ ನಿಮ್ಮ ಅಮ್ಮ ಇನ್ನೂ ಹತ್ತು ನಿಮಿಷ ಹೆಚ್ಚಿಗೆ ನಿಲ್ಲುತ್ತಾರೆ.

ಫ್ರೆಂಚ್ ಕ್ರಾಂತಿಯಲ್ಲಿ ಚರ್ಚುಗಳ ಚಿನ್ನ ಬೆಳ್ಳಿಯನ್ನು ಕರಗಿಸುತ್ತಿದ್ದಾಗ ಊರವರು ಈ ಭಂಡಾರವನ್ನು ಬಚ್ಚಿಟ್ಟು ಉಳಿಸಿಕೊಂಡರು.

ಲಿಯೋನ್, ನಡೆಯುವ ಹುಚ್ಚಿನವನು

ನಾನು ಲ ಪುಯಿ ಪಟ್ಟಣದಿಂದ ಕೋಂಕ್‌ವರೆಗೆ ಯಾತ್ರಿಕರ ಹಾದಿಯಲ್ಲಿ ನಡೆದು ಹೋದವನು, ಸುಮಾರು 200 ಕಿಲೋಮೀಟರ್. ಸ್ಪೇನಿನ ಸಾಂತಿಯಾಗೊಗೆ ಹೋಗುವ ಹಾದಿ ಇದು. ಇಲ್ಲಿನ ಚರ್ಚು ಮತ್ತು ದೂರ್ದೂ ಮೇಲಿನ ಹಳೆಯ ಸೇತುವೆ ಎರಡೂ 1998ರಲ್ಲಿ ಆ ಹಾದಿಯ ಭಾಗವಾಗಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಸೇತುವೆಯನ್ನು ರೋಮನ್ ಸೇತುವೆ ಎನ್ನುತ್ತಾರೆ, ಆದರೆ ಕಟ್ಟಿದ್ದು ಮಧ್ಯಯುಗದಲ್ಲಿ.

ಊರಿಗೆ ಇಳಿಯುವ ಕಾಲುದಾರಿ ಕಡಿದು, ಮಳೆ ಬಂದರೆ ಪದರಗಲ್ಲು ಜಾರುತ್ತದೆ. ಅದರ ಆಸೆ ಬಿಡಿ. ಊರನ್ನು ಇಡಿಯಾಗಿ ನೋಡಲು ಎದುರು ಬದಿಯ ಬಾಂಕಾರೆಲ್ ಎಂಬ ಜಾಗಕ್ಕೆ ಕಾರಿನಲ್ಲಿ ಹೋಗಿ.

ಒಂದು ಭಿನ್ನಾಭಿಪ್ರಾಯ. ಎಲ್ಲರೂ ಬಾಗಿಲು, ಚಿನ್ನ ಎನ್ನುತ್ತಿದ್ದೀರಿ, ಕಿಟಕಿಗಳ ಬಗ್ಗೆ ಯಾರೂ ಹೇಳಲಿಲ್ಲ. ರೊಡೆಸ್‌ನಲ್ಲಿ ಹುಟ್ಟಿದ ಕಲಾವಿದ ಪಿಯರ್ ಸುಲಾಜ್ 1987ರಿಂದ 1994ರವರೆಗೆ ಮಾಡಿದ 104 ಕಿಟಕಿಗಳು. ಬಣ್ಣವಿಲ್ಲ, ಚಿತ್ರವಿಲ್ಲ, ಹಾಲು ಬೆರೆತಂಥ ಗಾಜು, ಬಾಗಿದ ಕಪ್ಪು ಗೆರೆಗಳು, ಅಷ್ಟೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಳಗೆ ಹೋಗಿ. ತುಸು ನೀಲಿ ಛಾಯೆಯಲ್ಲಿದ್ದ ಗಾಜು ಇನ್ನೊಂದು ಹೊತ್ತಿಗೆ ಕಿತ್ತಳೆಗೆ ತಿರುಗಿರುತ್ತದೆ.

ಪ್ಯಾರಿಸ್‌ನವಳು ಮತ್ತೆ

ಒಪ್ಪುತ್ತೇನೆ, ಆದರೆ ಮೊದಲ ಸಲ ಬಂದ ಹಿರಿಯರಿಗೆ ಅವು ಬರೀ ಸಾದಾ ಗಾಜು ಎನಿಸಿದರೆ ಬೇಸರಿಸಬೇಡಿ. ಕಿಟಕಿ ಹಿಡಿಸಿದರೆ ವಾಪಸು ಬರುವಾಗ ರೊಡೆಸ್‌ನ ಸುಲಾಜ್ ಸಂಗ್ರಹಾಲಯ ನೋಡಿ, ಇಲ್ಲದಿದ್ದರೆ ಬಿಡಿ.

ಕೇಳಿದವರು

ಎಲ್ಲರಿಗೂ ವಂದನೆ. ಉಳಿಯುವುದೆಂದು ಖಾತ್ರಿ ಮಾಡಿದೆ. ಊಟದ ಗತಿ?

ಮೈಸೂರಿನವಳು

ಅಲಿಗೊ ಇದ್ದೇ ಇದೆ. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಎಳೆ ಚೀಸು, ಬೆಣ್ಣೆ, ಬೆಳ್ಳುಳ್ಳಿ ಹಾಕಿ ಮರದ ಸೌಟಿನಿಂದ ತಿರುವುತ್ತಾರೆ. ಸೌಟು ಎತ್ತಿದರೆ ಎಳೆ ಮೊಳದುದ್ದ ಬರುತ್ತದೆ. ಸಾಮಾನ್ಯವಾಗಿ ಸಾಸೇಜ್ ಜೊತೆ ಬಡಿಸುತ್ತಾರೆ, ಅದು ಬೇಡವೆಂದು ಮೊದಲೇ ಹೇಳಿ. ಸೊಪ್ಪಿನ ದೋಸೆಯ ಹಾಗೆ ಕಾಣುವ ಫಾರ್ಸು ಕಂಡು ಮೋಸ ಹೋಗಬೇಡಿ, ಹಲವು ಕಡೆ ಒಳಗೆ ಮಾಂಸವಿರುತ್ತದೆ. ಫುವಾಸ್ ಎಂಬ ಸಿಹಿ ಬ್ರೆಡ್ಡಿನಲ್ಲಿ ಮೊಟ್ಟೆ ಇರುತ್ತದೆ. ನಿಮ್ಮ ಮನೆಯವರು ಕಟ್ಟುನಿಟ್ಟಾದರೆ ಚೀಸಿನ ಹೆಪ್ಪು ಕರುವಿನ ಹೊಟ್ಟೆಯಿಂದ ಬಂದದ್ದು ಎಂಬುದನ್ನೂ ತಿಳಿದಿರಿ, ಆಮೇಲೆ ನನ್ನನ್ನು ಬೈಯಬೇಡಿ. ಒಂದು ಡಬ್ಬಿ ಪುಳಿಯೋಗರೆ ಗೊಜ್ಜು ಚೀಲದಲ್ಲಿರಲಿ, ಅಡುಗೆಮನೆ ಇರುವ ಬಾಡಿಗೆ ಕೋಣೆ ಸಿಕ್ಕರೆ ಅದನ್ನೇ ಹಿಡಿಯಿರಿ. ದಿನಸಿಯನ್ನು ರೊಡೆಸ್‌ನಲ್ಲೇ ಕೊಂಡುಬಿಡಿ. ಜೂನ್‌ನಲ್ಲಿ ನಡೆದು ಬರುವ ಯಾತ್ರಿಕರೂ ಬಹಳ, ಹಾಗಾಗಿ ಕೋಣೆಗೆ ಈ ವಾರವೇ ಫೋನ್ ಮಾಡಿ.