ಡೀಫಾಲ್ಟ್‌ನಲ್ಲಿ ವಜಾ ಆದ ಜಮೀನಿನ ದಾವೆ: ಅಪೀಲೋ, ರೆಸ್ಟೊರೇಷನ್ನೋ, ಹೊಸ ದಾವೆಯೋ?

ಗದ್ದೆಬದು:
2 ಎಕರೆ 10 ಗುಂಟೆ ಜಮೀನಿಗೆ ಹಕ್ಕು ಘೋಷಣೆ ಮತ್ತು ಶಾಶ್ವತ ಪ್ರತಿಬಂಧಕಾಜ್ಞೆ ಕೋರಿ ತಾಯಿ, ಮಗ ಸೇರಿ ಹಾಕಿದ ದಾವೆ. ಮಗನ ಮುಖ್ಯ ವಿಚಾರಣೆ ಮುಗಿದು ಪಾಟೀಸವಾಲಿಗೆ ನಿಂತಿತ್ತು. ತಾಯಿ ಮೇ 20ರಂದು ತೀರಿಕೊಂಡರು. ಜೂನ್ 3ರಂದು ವಾದಿಯೂ ವಕೀಲರೂ ಗೈರೆಂದು ದಾವೆ ವಜಾ (ಡೀಫಾಲ್ಟ್ ವಜಾ ಅನ್ನುವುದು ಇದನ್ನೇ). ಇವತ್ತು ಜುಲೈ 20. ಇ-ಕೋರ್ಟ್ಸ್ ಆ್ಯಪ್‌ನಲ್ಲಿ 'ಡಿಸ್ಪೋಸ್ಡ್' ಅಂತಷ್ಟೇ ಬರುತ್ತಿದೆ. ಯಾವ ದಾರಿ ಹಿಡಿಯಬೇಕು?

ಆರ್ಡರ್‌ಶೀಟ್:
ಆ್ಯಪ್‌ನ ಆ ಒಂದು ಪದ ಸಾಲದು ಸರ್. ಆರ್ಡರ್ ಶೀಟಿನಲ್ಲಿ ಜೂನ್ 3ರ ನಮೂದು ಓದಿ. ಕೇಸು ಕೂಗಿಸಿದಾಗ ಪ್ರತಿವಾದಿಯ ಕಡೆ ಯಾರಾದರೂ ಹಾಜರಿದ್ದರೇ?

ಎರಡೂ ಕಡೆ ಗೈರಾಗಿದ್ದರೆ ಅದು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 9, ನಿಯಮ 3. ಆಗ ನಿಯಮ 4ರಡಿ ರೆಸ್ಟೊರೇಷನ್ (ವಜಾ ರದ್ದುಮಾಡಿ ಅದೇ ದಾವೆಯನ್ನು ಮತ್ತೆ ನಡೆಸುವುದು) ಕೇಳಬಹುದು, ಕಾಲಮಿತಿ ಉಳಿದಿದ್ದರೆ ಹೊಸ ದಾವೆಯನ್ನೂ ಹೂಡಬಹುದು. ಪ್ರತಿವಾದಿ ಹಾಜರಿದ್ದರೆ ನಿಯಮ 8. ಆಗ ಅದೇ ವ್ಯಾಜ್ಯ ಕಾರಣಕ್ಕೆ ಹೊಸ ದಾವೆ ಹಾಕಲು ನಿಯಮ 9 ಬಿಡುವುದಿಲ್ಲ, ರೆಸ್ಟೊರೇಷನ್ನೇ ಗತಿ. ಡೀಫಾಲ್ಟ್ ವಜಾ ಡಿಕ್ರಿಯಲ್ಲ (ಹಕ್ಕಿನ ಬಗ್ಗೆ ಕೋರ್ಟಿನ ತೀರ್ಮಾನವಲ್ಲ), ಆದ್ದರಿಂದ ಅದರ ಮೇಲೆ ನೇರ ಅಪೀಲು ಇಲ್ಲ.

ನಿಮ್ಮ ಕೇಸಿನಲ್ಲಿ ಇನ್ನೊಂದು ತೊಡಕೂ ಇರಬಹುದು. ಸಾಕ್ಷ್ಯ ಸ್ವಲ್ಪ ದಾಖಲಾಗಿರುವುದರಿಂದ, ನ್ಯಾಯಾಧೀಶರು ಆದೇಶ 17ರಡಿ ಅದನ್ನೇ ಪರಿಶೀಲಿಸಿ 'ವಾದಿ ಹಕ್ಕು ರುಜುವಾತು ಮಾಡಿಲ್ಲ' ಎಂದು ತೀರ್ಮಾನಿಸಿದ್ದರೆ ಅದು ಡಿಕ್ರಿ. ಅದಕ್ಕೆ ರೆಗ್ಯುಲರ್ ಅಪೀಲು ಹಾಕಬೇಕು. ಇದನ್ನು ನೋಡದೆ ರೆಸ್ಟೊರೇಷನ್‌ಗೆ ಹೋಗಿ ಅಪೀಲಿನ ಅವಧಿಯನ್ನೂ ಕಳೆದುಕೊಳ್ಳುವವರಿದ್ದಾರೆ.

ಗದ್ದೆಬದು:
ನೋಡಿದೆ ಸರ್. ಪ್ರತಿವಾದಿ ವಕೀಲರು ಹಾಜರು ಎಂದಿದೆ. ಗುಣಾವಗುಣದ ಮಾತು ಎಲ್ಲೂ ಇಲ್ಲ.

ಆರ್ಡರ್‌ಶೀಟ್:
ಹಾಗಾದರೆ ನಿಯಮ 9ರ ಅರ್ಜಿ. ಮಿಸಲೇನಿಯಸ್ ಕೇಸಾಗಿ (ಮೂಲ ದಾವೆಯಿಂದ ಬೇರೆಯೇ ಪ್ರಕರಣವಾಗಿ) ನೋಂದಣಿಯಾಗುತ್ತದೆ, ಪ್ರತಿವಾದಿಗೆ ನೋಟಿಸು ಹೋಗಲೇಬೇಕು. ಕಾಲಮಿತಿ ಕಾಯ್ದೆಯ 122ನೇ ಅನುಚ್ಛೇದದಂತೆ 30 ದಿನ. ಅದು ವಜಾ ಆದ ದಿನದಿಂದ ಲೆಕ್ಕ, ನಿಮಗೆ ಗೊತ್ತಾದ ದಿನದಿಂದಲ್ಲ. ಜೂನ್ 3 ಬಿಟ್ಟು ಎಣಿಸಿದರೆ ಜುಲೈ 3 ಕೊನೆ. ಇವತ್ತಿಗೆ 17 ದಿನ ತಡ, ಅದೇ ಕಾಯ್ದೆಯ ಸೆಕ್ಷನ್ 5ರಡಿ ವಿಳಂಬ ಮನ್ನಾ ಅರ್ಜಿ ಜೊತೆಗಿರಲಿ. ದೃಢೀಕೃತ ನಕಲಿಗೆ ಕಾಯುತ್ತಾ ಕೂರಬೇಡಿ. ನಕಲಿಗೆ ಹಿಡಿದ ದಿನಗಳನ್ನು ಅಪೀಲಿಗೆ ಕಳೆಯುತ್ತಾರೆ, ಈ ಅರ್ಜಿಗೆ ಆ ರಿಯಾಯಿತಿ ಇಲ್ಲ.

ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಅಫಿಡವಿಟ್‌ನಲ್ಲಿ. ಜೂನ್ 3ಕ್ಕೆ ಯಾಕೆ ಬರಲಿಲ್ಲ, ಜುಲೈ 3ರೊಳಗೆ ಯಾಕೆ ಅರ್ಜಿ ಹಾಕಲಿಲ್ಲ, ಇವು ಬೇರೆ ಬೇರೆ ಪ್ರಶ್ನೆ. ಮೊದಲನೆಯದಕ್ಕೆ ನಿಮ್ಮ ಕಾರಣ ಗಟ್ಟಿ: ತಾಯಿ ತೀರಿ ಹದಿನೈದನೇ ದಿನ, ತಿಥಿ ಕಾರ್ಯ ಮುಗಿದ ಬೆನ್ನಿಗೇ ವಾಯಿದೆ. ಮರಣ ಪ್ರಮಾಣಪತ್ರ ಲಗತ್ತಿಸಿ. ಎರಡನೆಯದಕ್ಕೆ ಅದೇ ಕಾರಣ ಪೂರ್ತಿ ಸಾಲದು. ವಜಾ ಆದದ್ದು ಯಾವ ದಿನ, ಹೇಗೆ ತಿಳಿಯಿತು, ಆಮೇಲೆ ಏನು ಮಾಡಿದಿರಿ ಎಂದು ತಾರೀಕು ಸಹಿತ ಬರೆಸಿ. ವಕೀಲರು ಗೈರಾದ ಕಾರಣಕ್ಕೆ ಅವರದ್ದೇ ಅಫಿಡವಿಟ್ ಇದ್ದರೆ ತೂಕ ಬೇರೆ. ಕೋರ್ಟು ಖರ್ಚು ವಿಧಿಸಿದರೆ ಹೇಳಿದ ದಿನದೊಳಗೆ ಕಟ್ಟಿಬಿಡಿ.

ಅರ್ಜಿಯೇ ವಜಾ ಆದರೆ ಆಗ ಆದೇಶ 43, ನಿಯಮ 1(ಸಿ)ಯಡಿ ಅಪೀಲು ಉಂಟು.

ವಂಶವೃಕ್ಷ:
ತಾಯಿಯ ವಾರಸುದಾರರ ವಿಷಯಕ್ಕೆ ಗಡುವೇ ಬೇರೆ. ಮೃತ ವಾದಿಯ ವಾರಸುದಾರರನ್ನು ದಾವೆಗೆ ಸೇರಿಸುವ ಆದೇಶ 22, ನಿಯಮ 3ರ ಅರ್ಜಿಗೆ ಮರಣದ ದಿನದಿಂದ 90 ದಿನ, ಅಂದರೆ ಆಗಸ್ಟ್ 18. ಅದು ತಪ್ಪಿದರೆ ತಾಯಿಯ ಮಟ್ಟಿಗೆ ದಾವೆ ಅಬೇಟ್ ಆಯಿತೆಂಬ (ತಾನಾಗಿಯೇ ಕೊನೆಗೊಂಡಿತೆಂಬ) ತಕರಾರು ಬರುತ್ತದೆ. ಅಬೇಟ್‌ಮೆಂಟ್ ರದ್ದತಿಗೆ ಮತ್ತೆ 60 ದಿನ, ಆಮೇಲೆ ಸೆಕ್ಷನ್ 5. ಮಗನೊಬ್ಬನೇ ವಾರಸುದಾರನಾಗಿದ್ದರೆ ಅವನು ಈಗಾಗಲೇ ದಾವೆಯಲ್ಲಿದ್ದಾನೆ, ಹಾಗೆಂದು ಕೋರ್ಟಿಗೆ ತಿಳಿಸುವ ಮೆಮೊ ಸಾಕು. ಹೆಣ್ಣುಮಕ್ಕಳಿದ್ದರೆ ಅವರನ್ನು ಬಿಡಬೇಡಿ, ವಂಶವೃಕ್ಷದ ಸಮೇತ ಸೇರಿಸಿ. ದಾವೆಯೇ ವಜಾ ಆಗಿದೆಯಲ್ಲ ಎಂದು ಕಾಯದೆ, ಮಿಸಲೇನಿಯಸ್ ಅರ್ಜಿಯಲ್ಲೇ ಅವರನ್ನೂ ಅರ್ಜಿದಾರರನ್ನಾಗಿಸಿ.

ಪಹಣಿಪುಟ:
ತಾತ್ಕಾಲಿಕ ಪ್ರತಿಬಂಧಕಾಜ್ಞೆ ಇತ್ತೇ? ವಜಾದೊಂದಿಗೆ ಅದೂ ಹೋಗಿರುತ್ತದೆ. ರೆಸ್ಟೋರ್ ಆದಾಗ ಸಾಮಾನ್ಯವಾಗಿ ಮರಳುತ್ತದೆ, ಆದರೂ ಕೋರಿಕೆಯಲ್ಲಿ ಬರೆಸಿ. ನಡುವಿನ ಅವಧಿಗೆ ಯಥಾಸ್ಥಿತಿ ಕೋರಿ ಐ.ಎ. (ಮಧ್ಯಂತರ ಅರ್ಜಿ) ಹಾಕಿ. ಇವತ್ತೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆದು, ಜೂನ್ 3ರ ನಂತರ ಆ ಸರ್ವೆ ನಂಬರಿಗೆ ಕ್ರಯಪತ್ರವೇನಾದರೂ ಆಗಿದೆಯೇ ನೋಡಿ. ಪಹಣಿಯ 9 (ಮಾಲೀಕರ ಹೆಸರು) ಮತ್ತು 11ನೇ (ಹಕ್ಕು, ಋಣ) ಕಲಂ ಕೂಡ ನೋಡಿ.