ಮೆಕ್‌ಡೊವೆಲ್ ಕೌಂಟಿಯ ಆದಾಯ ನಿಜಕ್ಕೂ ಏರಿದೆಯಾ?

ಸುಮಾ: ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿರುವ ಮೆಕ್‌ಡೊವೆಲ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕಲ್ಲಿದ್ದಲು ಗಣಿಗಳ ಸೀಮೆ. 1950ರಲ್ಲಿ ಸುಮಾರು 99,000 ಜನ ಇದ್ದರು, 2020ರ ಜನಗಣತಿಯಲ್ಲಿ 19,111. ಅಲ್ಲಿಯ ಜನಗಣತಿ ಇಲಾಖೆಯಾದ ಸೆನ್ಸಸ್ ಬ್ಯೂರೋದವರು ಪ್ರತಿ ಕೌಂಟಿಗೂ ಮನೆ ಆದಾಯದ ಮಧ್ಯಾಂಕವನ್ನು, ಅಂದರೆ ಮನೆಗಳನ್ನು ಆದಾಯದ ಪ್ರಕಾರ ಸಾಲಾಗಿ ಇಟ್ಟರೆ ಸರಿಯಾಗಿ ಮಧ್ಯದಲ್ಲಿ ಬರುವ ಮನೆಯ ಆದಾಯವನ್ನು, ಅಂದಾಜು ಮಾಡುತ್ತಾರೆ. ಅದನ್ನು 1989ರಿಂದ ಗೆರೆ ಎಳೆದು ನೋಡಿದೆ, ಮೇಲಕ್ಕೆ ಹೋಗಿದೆ. ಅಲ್ಲಿಯ ಜನರ ಕೈಯಲ್ಲಿ ದುಡ್ಡು ಜಾಸ್ತಿಯಾಗಿದೆ ಅಂತ ಬರೆಯಬಹುದಾ?

ನಾಗರಾಜ: ಮೊದಲು ಬೆಲೆ ಏರಿಕೆ ತೆಗೆದು ನೋಡಿ. 1989ರಲ್ಲಿ 10,000 ಡಾಲರ್‌ಗೆ ಬರುತ್ತಿದ್ದ ಸಾಮಾನಿಗೆ 2022ರಲ್ಲಿ ಸುಮಾರು 23,600 ಡಾಲರ್ ಬೇಕು. ಅಂದರೆ ಆದಾಯ ಎರಡು ಪಟ್ಟು ಆಗಿದ್ದರೂ ಆ ಮನೆ ಹಿಂದೆ ಬಿದ್ದಿದೆ.

ಪವಿತ್ರಾ: ನಾಗರಾಜ್ ಹೇಳಿದ್ದು ಸರಿ, ಆದರೆ ಅಷ್ಟಕ್ಕೇ ಮುಗಿಯಲ್ಲ. ಸುಮಾ ಹೇಳುತ್ತಿರುವುದು ಎಸ್‌ಎಐಪಿಇ ಅನ್ನೋ ಅಂದಾಜು. ಮನೆಮನೆಗೆ ಹೋಗಿ ಎಣಿಸಿದ ಲೆಕ್ಕ ಅಲ್ಲ ಅದು. ಸರ್ವೆಯ ಉತ್ತರಗಳ ಜೊತೆ ತೆರಿಗೆ ರಿಟರ್ನ್‌ಗಳ ಅಂಕಿಗಳನ್ನೂ ಸೇರಿಸಿ ಒಂದು ಲೆಕ್ಕದ ಮಾದರಿಯಿಂದ (ಮಾಡೆಲ್) ತೆಗೆದದ್ದು. 2005ಕ್ಕೆ ಮುಂಚೆ ಅದರ ತಳಪಾಯ ಬೇರೆ ಸರ್ವೆ, 2005ರಿಂದ ಎಸಿಎಸ್, ಅಂದರೆ ಸೆನ್ಸಸ್ ಬ್ಯೂರೋ ಪ್ರತಿ ವರ್ಷ ಮನೆಗಳನ್ನು ಕೇಳಿ ಮಾಡುವ ಸರ್ವೆ. ನಿಮ್ಮ ಗೆರೆ ಮಧ್ಯದಲ್ಲಿ ಅಳತೆಗೋಲನ್ನೇ ಬದಲಾಯಿಸಿದೆ. 2004ರ ಅಂಕಿಯನ್ನೂ 2005ರ ಅಂಕಿಯನ್ನೂ ಹಾಗೇ ಜೋಡಿಸಬೇಡಿ.

ರಾಘು: ಹಾಗಾದ್ರೆ ಮಾದರಿ ಯಾಕೆ ಬೇಕು? ನೇರವಾಗಿ ಎಸಿಎಸ್ ತಗೊಳ್ಳಲಿ. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ಕೇಳುತ್ತಾರೆ. ಜನ ತಾವೇ ಹೇಳಿದ ಆದಾಯ ಅದು. ನನಗೆ ಅದರ ಮೇಲೆಯೇ ಜಾಸ್ತಿ ನಂಬಿಕೆ.

ಪವಿತ್ರಾ: ರಾಘು, 35 ಲಕ್ಷ ಇಡೀ ದೇಶಕ್ಕೆ. ಇಷ್ಟು ಚಿಕ್ಕ ಕೌಂಟಿಯ ಪಾಲಿಗೆ ಬರುವ ಮನೆಗಳು ತೀರಾ ಕಡಿಮೆ. ಅದಕ್ಕೇ 65,000ಕ್ಕಿಂತ ಕಡಿಮೆ ಜನ ಇರುವ ಕಡೆ ಒಂದು ವರ್ಷದ ಅಂಕಿಯನ್ನು ಕೊಡುವುದಿಲ್ಲ. ಐದು ವರ್ಷದ ಉತ್ತರಗಳನ್ನು ಒಟ್ಟು ಹಾಕಿ ಕೊಡುತ್ತಾರೆ. 2014–2018 ಮತ್ತು 2015–2019 ಪಕ್ಕಪಕ್ಕ ಇಟ್ಟರೆ ನಾಲ್ಕು ವರ್ಷ ಎರಡರಲ್ಲೂ ಇವೆ, ಹೋಲಿಕೆಗೆ ಅರ್ಥವಿಲ್ಲ. 2010–2014ನ್ನು 2015–2019ರ ಜೊತೆ ಹೋಲಿಸಿ.

ಇನ್ನೊಂದು, ಪ್ರತಿ ಅಂಕಿಯ ಪಕ್ಕದಲ್ಲೂ ಹೆಚ್ಚುಕಡಿಮೆ ಎಷ್ಟು ಅಂತ ಕೊಟ್ಟಿರುತ್ತಾರೆ. ತುಂಬಾ ಜನ ಅದನ್ನು ಬಿಟ್ಟೇ ಬಿಡುತ್ತಾರೆ, ನನಗೆ ಬೇಜಾರಾಗುವುದು ಅಲ್ಲೇ. ಸುಮ್ನೆ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ಮೊದಲು 27,000, ಹೆಚ್ಚುಕಡಿಮೆ 2,400. ಆಮೇಲೆ 29,000, ಹೆಚ್ಚುಕಡಿಮೆ 3,000. 2,400 ಮತ್ತು 3,000ದ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ ಸುಮಾರು 3,840 ಬರುತ್ತದೆ. ಎರಡು ಅಂಕಿಗಳ ವ್ಯತ್ಯಾಸಕ್ಕೆ ಇರುವ ಹೆಚ್ಚುಕಡಿಮೆ ಅದು, ವ್ಯತ್ಯಾಸ ಅದಕ್ಕಿಂತ ದೊಡ್ಡದಿರಬೇಕು. ಏರಿರುವುದು 2,000 ಮಾತ್ರ. ಹಾಗಾಗಿ ಆದಾಯ ಏರಿದೆ ಅಂತ ಹೇಳಲು ಆಗುವುದಿಲ್ಲ. ಇಳಿದಿದೆ ಅಂತಲೂ ಹೇಳಲು ಆಗುವುದಿಲ್ಲ.

ನಾಗರಾಜ: ಪಕ್ಕದ ಮೂರು ಕೌಂಟಿ ಸೇರಿಸಿದರೆ ಅಂಕಿ ಗಟ್ಟಿಯಾಗುತ್ತದಲ್ವಾ? ನಾಲ್ಕು ಮಧ್ಯಾಂಕಗಳ ಸರಾಸರಿ ತೆಗೆದರಾಯಿತು.

ಪವಿತ್ರಾ: ಸೇರಿಸಬಹುದು, ಆದರೆ ಮಧ್ಯಾಂಕಗಳ ಸರಾಸರಿ ಮಧ್ಯಾಂಕ ಆಗಲ್ಲ. ಯಾವ ಆದಾಯದ ಗುಂಪಿನಲ್ಲಿ ಎಷ್ಟು ಮನೆಗಳಿವೆ ಅನ್ನೋ ಪಟ್ಟಿ ಸಿಗುತ್ತದೆ. ನಾಲ್ಕೂ ಕಡೆಯ ಮನೆಗಳನ್ನು ಗುಂಪುಗಟ್ಟಲೆ ಕೂಡಿಸಿ, ಮಧ್ಯದ ಮನೆ ಎಲ್ಲಿ ಬೀಳುತ್ತದೆ ನೋಡಿ.

ಗಿರಿಜಾ: ನಾನು ಲೆಕ್ಕದವಳಲ್ಲ, ಮಲೆನಾಡಿನ ಹಳ್ಳಿಯವಳು. ನಮ್ಮೂರಲ್ಲೂ ಬಾಗಿಲು ಹಾಕಿದ ಮನೆಗಳು ವರ್ಷವರ್ಷ ಹೆಚ್ಚುತ್ತಿವೆ. ಅದಕ್ಕೇ ಕೇಳುತ್ತಿದ್ದೇನೆ, ಐದರಲ್ಲಿ ನಾಲ್ಕು ಪಾಲು ಜನ ಹೋದ ಮೇಲೆ ಯಾರ ಆದಾಯವನ್ನು ಯಾರ ಆದಾಯಕ್ಕೆ ಹೋಲಿಸುತ್ತಿದ್ದೀರಿ? ಐದು ಮನೆ ಇದ್ದವು ಅನ್ನಿ. ಆದಾಯ 10, 12, 20, 40, 60 ಸಾವಿರ. ಮಧ್ಯದ್ದು 20. ಕೆಳಗಿನ ಎರಡು ಮನೆಯವರು ಊರು ಬಿಟ್ಟರು. ಈಗ ಮಧ್ಯದ್ದು 40. ಯಾರಿಗೂ ಒಂದು ಪೈಸೆ ಜಾಸ್ತಿ ಬಂದಿಲ್ಲ.

ರಾಘು: ಗಿರಿಜಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ಉಲ್ಟಾನೂ ಆಗಬಹುದು. ಗಣಿ ಮುಚ್ಚಿ ದುಡಿಯುವವರು ಹೋದರೆ ಪಿಂಚಣಿಯವರು ಉಳಿಯುತ್ತಾರೆ, ಮಧ್ಯಾಂಕ ಕುಸಿಯುತ್ತದೆ. ಹೋದವರು ಬೇರೆ ಕಡೆ ಚೆನ್ನಾಗಿರಬಹುದು.

ಪವಿತ್ರಾ: ಏನನ್ನು ಆದಾಯ ಅಂತ ಎಣಿಸುತ್ತಾರೆ ಅನ್ನೋದೂ ಮುಖ್ಯ. ಸರ್ಕಾರದ ಪಿಂಚಣಿ ಸೇರುತ್ತದೆ, ಫುಡ್ ಸ್ಟಾಂಪ್ (ಬಡವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುವ ನೆರವು) ಸೇರುವುದಿಲ್ಲ. 1961ರಲ್ಲಿ ಕೆನಡಿ ಸರ್ಕಾರ ಫುಡ್ ಸ್ಟಾಂಪ್‌ ಅನ್ನು ಪ್ರಯೋಗಕ್ಕೆ ಅಂತ ಶುರು ಮಾಡಿದಾಗ ಮೊದಲು ಕೊಟ್ಟಿದ್ದು ಇದೇ ಮೆಕ್‌ಡೊವೆಲ್‌ನ ಒಂದು ಕುಟುಂಬಕ್ಕೆ. ಇಂಥ ಕಡೆ ಆ ಸಹಾಯ ಬಿಟ್ಟು ಎಣಿಸಿದರೆ ಮನೆಯ ನಿಜವಾದ ಸ್ಥಿತಿ ಪೂರ್ತಿ ಕಾಣುವುದಿಲ್ಲ.

ರಾಘು: ಒಪ್ಪಿದೆ. ಆದರೂ ನನ್ನ ಮೊದಲ ಮಾತು ಬಿಡಲ್ಲ. ವರ್ಷವರ್ಷದ ಗೆರೆಗೆ ಎಸ್‌ಎಐಪಿಇ ಇರಲಿ, ಆದರೆ ಪಕ್ಕದಲ್ಲಿ ಎಸಿಎಸ್‌ನ ಐದು ವರ್ಷದ ಅಂಕಿಯೂ ಇರಬೇಕು. ಎರಡೂ ಬೇರೆ ದಾರಿ ಹಿಡಿದರೆ ಓದುಗರಿಗೆ ಅದು ಗೊತ್ತಾಗಬೇಕು.

ಸುಮಾ: ಎಲ್ಲರಿಗೂ ಥ್ಯಾಂಕ್ಸ್. ಗೆರೆಯನ್ನು 2005ರಲ್ಲಿ ಕಡಿದು ಎರಡು ತುಂಡು ಮಾಡುತ್ತೇನೆ. ಅಂಕಿಗಳನ್ನೆಲ್ಲ 2022ರ ಡಾಲರ್‌ಗೆ ತಂದು, ರಾಘು ಹೇಳಿದ ಹಾಗೆ ಎಸಿಎಸ್ ಅಂಕಿಯನ್ನೂ ಹೆಚ್ಚುಕಡಿಮೆಯ ಪಟ್ಟಿಯನ್ನೂ ಹಾಕುತ್ತೇನೆ. ಕೆಳಗೆ ಜನಸಂಖ್ಯೆಯ ಗೆರೆಯೂ ಇರುತ್ತದೆ, ಗಿರಿಜಕ್ಕನ ಪ್ರಶ್ನೆಗೋಸ್ಕರ. "ಸುಧಾರಿಸಿದೆ" ಅನ್ನೋ ಶೀರ್ಷಿಕೆಯನ್ನು ಈಗಲೇ ಅಳಿಸಿದೆ.