ಶಾಮಿಯಾನದ ಬಟ್ಟಿ ಫೈರ್‌ಪ್ರೂಫ್ ಅಂದ್ರ ಸುಡೂದೇ ಇಲ್ಲೇನ್ರಿ?

ಹಳೇಹುಬ್ಬಳ್ಳಿ_ಮಂಡಳಿ:
ನಮಸ್ಕಾರ್ರಿ. ನಮ್ಮ ಓಣಿ ಗಣಪ್ಪನ ಪೆಂಡಾಲಿಗೆ ಈ ಸಲ ಹೊಸಾ ಬಟ್ಟಿ ಹಾಕ್ಸಾಕ ಹೊಂಟೀವಿ, ಶಾಮಿಯಾನದವ್ರು ಇದು ಫೈರ್‌ಪ್ರೂಫ್ ಐತಿ ಅಂತ ಬಾಡಿಗಿ ಜಾಸ್ತಿ ಹೇಳಾಕತ್ತಾರ, ಕೊಟೇಶನ್ನಾಗ ನೋಡಿದ್ರ ಫೈರ್ ರಿಟಾರ್ಡೆಂಟ್ ಅಂತ ಬರದಾರ. ಎರಡೂ ಒಂದೇ ಏನ್ರಿ? 11 ದಿವ್ಸ ದೀಪಾ, ಕರ್ಪೂರದಾರತಿ ಎಲ್ಲಾ ಅಲ್ಲೇ, ಸಣ್ಣ ಹುಡುಗ್ರು ಬಾಳ ಬರ್ತಾವ, ಅದಕ್ಕ ಕೇಳಾಕತ್ತೀನಿ.

ಧಾರವಾಡ_ಕೆಮಿಸ್ಟ್ರಿ:
ಒಂದೇ ಅಲ್ರೀ ಸರ. ರಿಟಾರ್ಡೆಂಟ್ ಅಂದ್ರ ಬೆಂಕಿ ಹಬ್ಬೂದನ್ನ ತಡಾ ಮಾಡ್ತೈತಿ ಅಷ್ಟ. ಹತ್ತಿ ಬಟ್ಟೀನ ಬೋರಾಕ್ಸ್, ಬೋರಿಕ್ ಆ್ಯಸಿಡ್ ಕಲಿಸಿದ ನೀರಾಗ ಅದ್ದಿ ಒಣಗಿಸ್ತಾರ, ಆಮ್ಯಾಲ ಕಿಡಿ ಬಿದ್ರ ಅಷ್ಟ ಜಾಗಾ ಕರ್ರಗ ಇದ್ಲಿ ಆಗ್ತೈತಿ, ಉರಿ ಮುಂದ ಓಡೂದಿಲ್ಲ. ಆದ್ರ ಈ ಔಷಧ ನೀರಾಗ ಕರಗತೈತಿ ನೋಡ್ರಿ, ಗಣಪತಿ ಬರೂದೋ ಮಳಿಗಾಲದಾಗ, ಜೋರ್ ಮಳ್ಯಾಗ ತೊಯ್ದ ಬಟ್ಟೀನ ನಂಬಬ್ಯಾಡ್ರಿ, ಹೋದ ವರ್ಷ ಮಾಡ್ಸಿದ್ದು ಅಂದ್ರೂ ಒಪ್ಪಬ್ಯಾಡ್ರಿ. ಮೊದ್ಲ ಹತ್ತೀದೋ ಪಾಲಿಸ್ಟರೋ ಕೇಳ್ರಿ. ಪಾಲಿಸ್ಟರ್ ಕರಗಿ ಸುಡೂ ಹನಿ ಕೆಳಗ ನಿಂತವ್ರ ಮೈಮ್ಯಾಲ ಬೀಳ್ತಾವ.

ಗದಗ_ವೈರಿಂಗ್:
ವೈರ್ ಮ್ಯಾಲ ಎಫ್‌ಆರ್ ಅಂತ ಬರದಿರ್ತಾರಲ್ಲ, ಅದೂ ಇದ ರಿಟಾರ್ಡೆಂಟ್ ಅಂತನ ಅರ್ಥ. ಲೋಡ್ ಜಾಸ್ತಿ ಹಾಕಿದ್ರ ಆ ವೈರೂ ಕಾಯ್ತೈತಿ. ಎಫ್‌ಆರ್‌ಎಲ್‌ಎಸ್ ಅಂದ್ರ ಹೊಗಿನೂ ಕಡಿಮಿ. ಫೈರ್ ರೇಟೆಡ್ ಬಾಗಲಾ ಇದ್ರ 60 ನಿಮಿಷ, 120 ನಿಮಿಷ ಬೆಂಕಿ ತಡೀತೈತಿ ಅಂತ ಟೈಮ್ ಹೇಳ್ತಾರ, ಟೈಮೂ ಇಲ್ಲದ ಟೆಸ್ಟೂ ಇಲ್ಲದ ಬರೇ ಪ್ರೂಫ್ ಅನ್ನೂ ಮಾತಿಗೆ ರೊಕ್ಕಾ ಕೊಡಬ್ಯಾಡ್ರಿ ಅಂತೀನಿ ನಾ. ಪೆಂಡಾಲಿಗಂತ ಐಎಸ್ 8758 ಅನ್ನೂ ಭಾರತೀಯ ಸ್ಟ್ಯಾಂಡರ್ಡ್ ಐತಿ, ಅದರ ಪ್ರಕಾರ ಬಲ್ಬ್, ಟ್ಯೂಬ್ ಬಟ್ಟಿಯಿಂದ, ಡೆಕೋರೇಶನ್ನಿಂದ ಕನಿಷ್ಠ 15 ಸೆಂ.ಮೀ. ದೂರ ಇರಬೇಕು. ಹ್ಯಾಲೋಜನ್ ಅಂತೂ ಬ್ಯಾಡೇ ಬ್ಯಾಡ, ಎಲ್‌ಇಡಿ ಹಾಕ್ರಿ. ಥರ್ಮಾಕೋಲ್ ಮಂಟಪಾನೂ ಬಿಡ್ರಿ, ಅದರ ಹೊಗಿ ಬಾಳ ಕೆಟ್ಟ.

ಹಳೇಹುಬ್ಬಳ್ಳಿ_ಮಂಡಳಿ:
ಬಾಳ ಚೊಲೋ ಹೇಳಿದ್ರಿ. ಬಟ್ಟಿಗೆ ಖರೇನ ಔಷಧ ಹಚ್ಚ್ಯಾರೋ ಇಲ್ಲೋ ನಾವ ನೋಡಾಕ ಬರ್ತೈತೇನ್ರಿ?

ಧಾರವಾಡ_ಕೆಮಿಸ್ಟ್ರಿ:
ಅಂದಾಜು ತಿಳೀತೈತಿ. ಟೆಸ್ಟ್ ರಿಪೋರ್ಟ್ ಅಂತೂ ಕೇಳೇ ಕೇಳ್ರಿ. ಅದರ ಜೋಡಿ ಅವ್ರ ಮುಂದ ಒಂದ್ ಸಣ್ಣ ಚೂರು ಕತ್ತರಿಸಿ, ಬಯಲಾಗ ಒಯ್ದು, ಬಕೇಟ್ ನೀರು ಬಾಜೂ ಇಟ್ಟು, ಇಕ್ಕಳದಾಗ ಹಿಡಿದು ಕೆಳಗಿಂದ ಕಡ್ಡಿ ಕೊರೀರಿ. ಕಡ್ಡಿ ತಗದ ಮ್ಯಾಲೂ ಉರ್ಕೋತ ಹೋತಂದ್ರ ಆ ಬಟ್ಟಿ ಬ್ಯಾಡ. ಆರ್ತಂದ್ರೂ ಆರತಿ ಜಾಗಾ ಬಟ್ಟಿಯಿಂದ ದೂರ ಇಡ್ರಿ, ಉಸುಕಿನ ಬಕೇಟ್ ಇಡ್ರಿ, ಹೊರಗ ಹೋಗಾಕ ಎರಡು ದಾರಿ ಬಿಡ್ರಿ.